ಪೇಚ್ಚಿಯಮ್ಮಾಳ್ ಯಾರ ವಶದಲ್ಲಿದ್ದಳು

ಹಾಸ್ಟೆಲ್, ಚೆನ್ನೈ
ಆಗಸ್ಟ್ 10, ಭಾನುವಾರ

ಅಪ್ಪಾ,

ಜ್ವರ ಇಲ್ಲ, ಕೆಮ್ಮು ಇಲ್ಲ, ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೇನೆ. ನೀವು ಕೇಳುವುದಕ್ಕೆಲ್ಲ ಮೊದಲೇ ಉತ್ತರ ಕೊಟ್ಟಾಯಿತು, ಇನ್ನು ನಿಧಾನವಾಗಿ ಓದಿ.

ನಿನ್ನೆ ನೀವು ಫೋನ್ ಇಟ್ಟ ಮೇಲೆ ನನ್ನ ರೂಮ್‌ಮೇಟ್ ಕಯಲ್‌ವಿಳಿ, "ಯಾರೇ ಅದು, ಕೊರಿಯರ್‌ನವರಾ?" ಅಂತ ಕೇಳಿದಳು. ನಮ್ಮಪ್ಪ ಅಂದೆ. ನಂಬಲಿಲ್ಲ. ಅವಳು ಅವಳಮ್ಮನ ಜೊತೆ ಮಾತಿಗೆ ಕೂತರೆ ಮೆಸ್ ಮುಚ್ಚುವವರೆಗೂ ಏಳುವುದಿಲ್ಲ. ನಮ್ಮಿಬ್ಬರದು ಊಟ ಆಯ್ತಾ, ಆಯ್ತು, ಸರಿ ಇಡ್ತೀನಿ, ಅಷ್ಟೇ. ತಪ್ಪು ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಅಮ್ಮ ಹೋದ ಮೇಲೆ ನಾನು ಬೆಳೆದದ್ದೆಲ್ಲ ಬೆಟ್ಟದ ಮೇಲಿನ ಕಾನ್ವೆಂಟಿನ ಹಾಸ್ಟೆಲ್‌ನಲ್ಲಿ. ಭಾನುವಾರ ಪ್ರಾರ್ಥನೆ ಮುಗಿದ ಕೂಡಲೇ ಸಿಸ್ಟರ್ ಎದುರು ಕೂತು ಮನೆಗೆ ಕಾಗದ ಬರೆಯಲೇಬೇಕಿತ್ತು. ಅದೇ ಅಭ್ಯಾಸವಾಗಿಬಿಟ್ಟಿದೆ. ಆಗ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ, ಈಗ ನಮ್ಮ ಭಾಷೆಯಲ್ಲಿ ಬರೆಯುತ್ತಿದ್ದೇನೆ. ತಪ್ಪುಗಳಿರುತ್ತವೆ. ಹಿಂದಿನಂತೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಬೇಡಿ.

ಕಾನೂನು ಓದುವುದು ಇಷ್ಟು ಭಯದ ಕೆಲಸ ಅಂತ ಗೊತ್ತಿರಲಿಲ್ಲ. ತರಗತಿಯಲ್ಲಿ ಯಾವ ಹೊತ್ತಿಗೆ ಯಾರ ಹೆಸರು ಕೂಗುತ್ತಾರೋ ಹೇಳಲಾಗದು. ನನ್ನ ಹೆಸರಿನ ಮೊದಲ ಅಕ್ಷರ ಕೇಳಿದರೇ ಪೆನ್ನು ಹುಡುಕುವ ನೆಪದಲ್ಲಿ ಬೆಂಚಿನ ಕೆಳಗೆ ಬಗ್ಗುತ್ತೇನೆ. ಸಾಲದ್ದಕ್ಕೆ ನಾನು ಡಿಎಸ್ಪಿ ಮಗಳು ಅಂತ ಸೀನಿಯರ್‌ಗಳಿಗೆ ಗೊತ್ತಾಗಿದೆ. ಈಗ ಎಲ್ಲರಿಗೂ ನಾನು 'ಲಾಠಿ'. "ಏ ಲಾಠಿ, ನಿಮ್ಮಪ್ಪ ಎಷ್ಟು ಜನರ ತಲೆ ಒಡೆದಿದ್ದಾರೆ?" ಅಂತ ಒಬ್ಬಳು ಎಲ್ಲರೆದುರು ಕೇಳಿದಳು. ಒಬ್ಬರದೂ ಇಲ್ಲ ಅಂದೆ. ಎಲ್ಲರೂ ನಕ್ಕರು.

ನಾನು ಹೇಳಿದ್ದು ನಿಜ ತಾನೇ ಅಪ್ಪಾ? ಹೇಗೆ ಒಡೆಯದೆ ಇದ್ದಿರಿ ಅಂತ ಸ್ವಲ್ಪ ಬಿಡಿಸಿ ಬರೆಯಿರಿ. ಮುಂದಿನ ಸಲ ಉತ್ತರ ಕೊಡಬೇಕು ನಾನು.

ನಿಮ್ಮ ಯಾಳಿನಿ


ಮಣಲ್ಕರೈ
ಆಗಸ್ಟ್ 20

ಪಾಪಾ,

ತಪ್ಪು ಐದಾರಿವೆ. ತಿದ್ದಿಲ್ಲ.

ನೀನು ಹೇಳಿದ್ದು ನಿಜ. ಈ ಉಪವಿಭಾಗಕ್ಕೆ ಬಂದ ಮೇಲೆ ನನ್ನ ಮಾತಿನ ಮೇಲೆ ಒಂದು ಲಾಠಿಯೂ ಮೇಲೆದ್ದಿಲ್ಲ. ಆ ಒಳ್ಳೆಯ ಹೆಸರೇ ಈಗ ತಲೆನೋವು ತಂದಿದೆ. ಪ್ರತಿಭಟನೆಗಳನ್ನೂ ಜನಸಂದಣಿಯನ್ನೂ ಬಲಪ್ರಯೋಗವಿಲ್ಲದೆ ನಿಭಾಯಿಸುವುದು ಹೇಗೆಂದು ಹೊಸ ಡಿಎಸ್ಪಿಗಳಿಗೆ ಕಲಿಸುವ ತರಬೇತಿಯೊಂದು ಸೆಪ್ಟೆಂಬರ್ ಮೊದಲ ವಾರ ಇಲ್ಲಿ ನಡೆಯುತ್ತದಂತೆ. ಮೇಷ್ಟ್ರು ನಾನು. ರಾಜಧಾನಿಯಿಂದ ಪಾಠದ ಚಿತ್ರಗಳನ್ನು ಕಳಿಸಿದ್ದಾರೆ. ಎಲ್ಲದರಲ್ಲೂ ಯಾವುದೋ ದೇಶದ ಪೊಲೀಸರು ಕುದುರೆ ಮೇಲೆ ಕೂತಿದ್ದಾರೆ. ನಮ್ಮಲ್ಲಿ ಕುದುರೆ ಎಲ್ಲಿದೆ? ಇರುವುದು ಕಲ್ಯಾಣ ಮಂಟಪ.

ನಿನಗೆ ಗೊತ್ತಿರುವುದೇ. ಮೆರವಣಿಗೆಯ ಹಿಂದಿನ ಸಂಜೆ ನಾಯಕರ ಮನೆಗೆ ಹೋಗಿ ಚಹಾ ಕುಡಿಯುತ್ತೇನೆ. ಎಲ್ಲಿ ಬ್ಯಾರಿಕೇಡ್ ತಳ್ಳಬೇಕು, ಎಷ್ಟು ಹೊತ್ತು ಘೋಷಣೆ ಕೂಗಬೇಕು, ಎಲ್ಲ ಅಲ್ಲೇ ಮಾತಾಗುತ್ತದೆ. ಮರುದಿನ ಅವರು ತಳ್ಳುತ್ತಾರೆ, ನಾವು ಬಂಧಿಸಿ ಬಸ್ಸು ಹತ್ತಿಸಿ ಮಂಟಪಕ್ಕೆ ಕರೆದೊಯ್ಯುತ್ತೇವೆ. ಮಧ್ಯಾಹ್ನ ಊಟ, ಫ್ಯಾನಿನ ಗಾಳಿ, ಸಂಜೆ ಬಿಡುಗಡೆ. ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ, ಯಾರ ಮೇಲೂ ಕೇಸಿಲ್ಲ. ಎಸ್ಪಿ ಸಾಹೇಬರು ಹೊಸಬರು, ಚಿಕ್ಕ ವಯಸ್ಸು. ಕೇಳಿ ನಕ್ಕು, ಇದು ನಾಟಕವಲ್ಲವೇ ಎಂದರು. "ನಾಟಕವೇ ಸಾರ್. ಸರಿಯಾಗಿ ಆಡಿದ ದಿನ ಯಾರಿಗೂ ರಕ್ತ ಬರಲ್ಲ" ಎಂದೆ. ಹಾಗಾದರೆ ಹುಡುಗರು ಕಣ್ಣಾರೆ ನೋಡಲಿ ಎಂದರು.

ಉಪ್ಪಿನಾಗರದಲ್ಲಿ ಉಪ್ಪು ಬಾಚುವ ಹೆಂಗಸರು ಎಂಟನೇ ತಾರೀಖು, ಸೋಮವಾರ ಬರುತ್ತೇವೆಂದು ಹೇಳಿದ್ದರು. ಆಗರದಲ್ಲಿ ನಿಲ್ಲಲು ನೆರಳಿಲ್ಲ, ಒಂದು ಚಪ್ಪರ ಹಾಕಿಸಿಕೊಡಿ ಎಂಬುದು ಅವರ ಬಹುಕಾಲದ ಬೇಡಿಕೆ. ಆದರೆ ತರಬೇತಿಯವರು ಶನಿವಾರವೇ ಹೊರಡುತ್ತಾರೆ. ಹಾಗಾಗಿ ಅವರ ಸಂಘದ ಮುಂದಾಳು ಸಗಾಯಮೇರಿಯ ಮನೆಗೆ ಹೋಗಿ, ನಾಲ್ಕನೇ ತಾರೀಖು, ಗುರುವಾರ ಬರುತ್ತೀರಾ ಎಂದು ಕೇಳಿದೆ.

"ಯಾಕೆ ಸಾರ್, ಸೋಮವಾರ ನಿಮ್ಮನೇಲಿ ಏನಾದ್ರೂ ವಿಶೇಷಾನಾ?"

"ಹುಡುಗರು ಬರ್ತಿದ್ದಾರೆ ಅಕ್ಕಾ. ನಿಮ್ಮನ್ನ ನೋಡಿ ಕಲೀಲಿ ಅಂತ."

"ಓ, ಈಗ ನಾವೇ ಪಾಠದ ಪುಸ್ತಕ. ಸರಿ, ಬರ್ತೀವಿ. ಆದ್ರೆ ಈ ಸಲ ಸಾಂಬಾರನ್ನಕ್ಕೆ ಆಲೂಗಡ್ಡೆ ಪಲ್ಯ ಬೇಕು. ಹೋದ ಸಲ ಉಪ್ಪಿನಕಾಯಿ ನೆಕ್ಕಿಸಿ ಕಳಿಸಿದ್ರಿ."

ಮಂಟಪ, ಊಟ ಎಲ್ಲ ನೋಡಿಕೊಳ್ಳುವವನು ಹೆಡ್ ಕಾನ್‌ಸ್ಟೇಬಲ್ ಸುಡಲೈಮುತ್ತು. ಅವನ ಅಕ್ಕನ ಮಗಳ ಮದುವೆ, ಆ ವಾರವಿಡೀ ರಜೆ ಕೇಳಿದ್ದಾನೆ. ಹೋಗಿ ಬಾ ಎಂದಿದ್ದೇನೆ. ಒಂದು ಫೋನ್ ಮಾಡುವ ಕೆಲಸ, ನಾನೇ ಮಾಡಿದರಾಯಿತು.

ಅಪ್ಪ


ಹಾಸ್ಟೆಲ್
ಆಗಸ್ಟ್ 31, ಭಾನುವಾರ

ಅಪ್ಪಾ,

ನಿಮ್ಮ ಕಾಗದವನ್ನು ಆ ಸೀನಿಯರ್‌ಗೆ ಓದಿ ಹೇಳಿದೆ. ಮಂಟಪ, ಆಲೂಗಡ್ಡೆ ಪಲ್ಯ ಎಲ್ಲ ಕೇಳಿದವಳು, "ನಿಮ್ಮಪ್ಪ ಪೊಲೀಸಾ, ಮದುವೆ ಕಂಟ್ರಾಕ್ಟರಾ?" ಅಂದಳು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ, ಯಾಕೆ ಅಂತ ಗೊತ್ತಿಲ್ಲ. ಆದರೆ ಅವತ್ತಿನಿಂದ ಅವಳು 'ಲಾಠಿ' ಅನ್ನುವುದನ್ನು ಬಿಟ್ಟಿದ್ದಾಳೆ. ನನ್ನ ಮಟ್ಟಿಗೆ ಅದು ನಿಮ್ಮ ಗೆಲುವು.

ಹಾಸ್ಟೆಲ್ ಖಾಲಿಯಾಗುತ್ತಿದೆ. ಆಡಿ ತಿಂಗಳಿಡೀ ಯಾರೂ ಮದುವೆ ಮಾಡುವುದಿಲ್ಲವಲ್ಲ, ಈಗ ಆವಣಿ ಬಂದದ್ದೇ ತಡ, ಎಲ್ಲರ ಮನೆಯಲ್ಲೂ ಒಟ್ಟಿಗೇ ವಾದ್ಯ. ಕಯಲ್‌ವಿಳಿ ಬುಧವಾರವೇ ಚಿಕ್ಕಪ್ಪನ ಮಗನ ಮದುವೆಗೆ ಹೊರಡುತ್ತಾಳೆ. ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿ ನನ್ನ ಮಂಚದ ಮೇಲೆ ಹರಡಿದ್ದಾಳೆ, ನಾನು ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ.

ಗುರುವಾರ ರೂಮಿನಲ್ಲಿ ನಾನೊಬ್ಬಳೇ. ನಿಮ್ಮ ಹುಡುಗರು ಹೇಗೆ ಕಲಿತರು ಅಂತ ರಾತ್ರಿ ಫೋನ್ ಮಾಡಿ ಹೇಳಿ. ಊಟ ಆಯ್ತಾ ಅಂದ ಮೇಲೆ ಇನ್ನೊಂದೇ ಒಂದು ವಾಕ್ಯ ಸೇರಿಸಿದರೆ ಸಾಕು.

ನಿಮ್ಮ ಯಾಳಿನಿ


ಮಣಲ್ಕರೈ
ಸೆಪ್ಟೆಂಬರ್ 7

ಪಾಪಾ,

ಗುರುವಾರ ಫೋನ್ ಮಾಡಲಿಲ್ಲ. ನೀನು ಮಾಡಿದಾಗ ಎತ್ತಲಿಲ್ಲ.

ಮೆರವಣಿಗೆ ಶಾಂತವಾಗಿ ನಡೆಯಿತು. ಲಾಠಿ ಎತ್ತಲಿಲ್ಲ. ಒಬ್ಬಳು ತೀರಿಕೊಂಡಳು.

ಈ ಮೂರನ್ನು ಒಂದರ ಪಕ್ಕ ಒಂದು ಬರೆದು ನೋಡುತ್ತಿದ್ದೇನೆ. ಮುಂದೆ ಬರೆಯಲಾಗುತ್ತಿಲ್ಲ. ನೀನು ಊಟ ಬಿಡಬೇಡ.

ಅಪ್ಪ


ಹಾಸ್ಟೆಲ್
ಸೆಪ್ಟೆಂಬರ್ 12

ಅಪ್ಪಾ,

ಭಾನುವಾರದವರೆಗೆ ಕಾಯಲಾಗಲಿಲ್ಲ. ಲೈಬ್ರರಿಯಲ್ಲಿ ಹಳೆಯ ಪೇಪರ್ ತೆಗೆಸಿ ನೋಡಿದೆ. ಒಳಗಿನ ಪುಟದಲ್ಲಿ ಚಿಕ್ಕದಾಗಿ ಬಂದಿದೆ. ಮೆರವಣಿಗೆಗೆ ಬಂದಿದ್ದ ಉಪ್ಪಿನಾಗರದ ಹೆಂಗಸು ಹೃದಯಾಘಾತದಿಂದ ಸತ್ತಳು, ಪೊಲೀಸರು ಬಲಪ್ರಯೋಗ ಮಾಡಿಲ್ಲ ಎಂದು ಎಸ್ಪಿ ಹೇಳಿದ್ದಾರೆ. ಹೆಸರು ಪೇಚ್ಚಿಯಮ್ಮಾಳ್.

ನನಗೆ ಗೊತ್ತಿದ್ದವರಾ? ನಾನು ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಬಂದಿದ್ದೆ. ಮನೆಯಲ್ಲಿ ಯಾರೂ ಇಲ್ಲ ಅಂತ ನೀವು ನನ್ನನ್ನು ಮಂಟಪದಲ್ಲಿ ಬಂಧನದಲ್ಲಿದ್ದ ಹೆಂಗಸರ ಹತ್ತಿರವೇ ಬಿಟ್ಟು ಹೋಗಿದ್ದಿರಿ. ಕಾನ್ವೆಂಟಿನಿಂದ ತಲೆ ತುಂಬ ಹೇನು ಹೊತ್ತು ಬಂದಿದ್ದೆ. ಅವರಲ್ಲೊಬ್ಬರು ತೊಡೆಯ ಮೇಲೆ ನನ್ನ ತಲೆ ಇಟ್ಟುಕೊಂಡು ಸಂಜೆಯವರೆಗೂ ಹೇನು ತೆಗೆದಿದ್ದರು. ಅವರ ಕೈಯ ಒರಟು ನೆನಪಿದೆ, ಉಪ್ಪಿಗೆ ಬಿರಿದ ಕೈ. ಮುಖ ನೆನಪಾಗುತ್ತಿಲ್ಲ. ಹೆಸರನ್ನು ಕೇಳಿಯೇ ಇರಲಿಲ್ಲ.

ಏನಾಯಿತು ಅಪ್ಪಾ? ನಾನು ಚಿಕ್ಕವಳಲ್ಲ ಈಗ.

ಯಾಳಿನಿ


ಮಣಲ್ಕರೈ
ಸೆಪ್ಟೆಂಬರ್ 21

ಪಾಪಾ,

ಹೌದು, ಅವಳೇ. ಆ ದಿನ ನಿನ್ನನ್ನು ಕರೆದೊಯ್ಯಲು ಬಂದಾಗ, "ಸಾರ್, ಮಗೂನ ಇಂಗ್ಲಿಷ್ ಶಾಲೆಗೆ ಕಳಿಸ್ತೀರಿ, ಹೇನು ಮಾತ್ರ ನಮ್ಮೂರ ಹೇನಿನ ಹಾಗೇ" ಎಂದವಳು. ಪ್ರತಿ ಬಂಧನಕ್ಕೂ ಬರುತ್ತಿದ್ದಳು. ಘೋಷಣೆ ಕೂಗುತ್ತಿರಲಿಲ್ಲ. ಊಟ ಮಾಡಿ, ಫ್ಯಾನಿನ ಕೆಳಗೆ ಸೆರಗು ಹಾಸಿ ನಿದ್ದೆ ಹೋಗುತ್ತಿದ್ದಳು. ಮಗಳ ಮದುವೆಯನ್ನು ಮನೆಯ ಮುಂದೆ ಚಪ್ಪರ ಹಾಕಿ ಮಾಡಿದವಳು, ಪೊಲೀಸಿನವರ ದಯೆಯಿಂದ ನಾನೂ ಮಂಟಪ ಕಂಡೆ ಎಂದು ನಗುತ್ತಿದ್ದಳು.

ಬುಧವಾರ ಸಂಜೆ ಮಂಟಪಕ್ಕೆ ಫೋನ್ ಮಾಡಿದೆ. ಅಲ್ಲಿಯ ಮ್ಯಾನೇಜರ್, "ಸಾರ್, ನಾಳೆ ಮುಹೂರ್ತ ಅಲ್ವಾ?" ಎಂದ. ಇನ್ನೊಂದು ಮಂಟಪಕ್ಕೆ ಮಾಡಿದೆ, ಮತ್ತೊಂದಕ್ಕೆ ಮಾಡಿದೆ. ಆವಣಿಯ ದೊಡ್ಡ ಲಗ್ನ. ಊರಿನಲ್ಲಿ ಒಂದು ಹಜಾರವೂ ಖಾಲಿಯಿಲ್ಲ, ಶಾಲೆಯ ಮೈದಾನಕ್ಕೂ ಶಾಮಿಯಾನ. ನಮ್ಮ ಸೋಮವಾರದ ಮೆರವಣಿಗೆಗಳಿಗೆ ಇಷ್ಟು ವರ್ಷ ಈ ತೊಡಕು ಬಂದಿರಲಿಲ್ಲ. ಬಂದಿದ್ದರೂ ಸುಡಲೈ ಗೋಡೆಯ ಕ್ಯಾಲೆಂಡರ್ ನೋಡಿ ಮೊದಲೇ ಹೇಳಿರುತ್ತಿದ್ದ. ದಿನ ಬದಲಾಯಿಸಿದ್ದು ನಾನು. ಕ್ಯಾಲೆಂಡರ್ ನೋಡುವ ಅಭ್ಯಾಸ ನನಗಿಲ್ಲ.

ಆಗಲೂ ಹೊತ್ತು ಮೀರಿರಲಿಲ್ಲ. ಮೇರಿಯಕ್ಕನ ಮನೆಗೆ ಹೋಗಿ, ನಾಳೆ ಬರಬೇಡಿ ಎಂದಿದ್ದರೆ ಕೇಳುತ್ತಿದ್ದಳು. ಹಿಂದಿನ ಸಂಜೆ ನಾಯಕರ ಮನೆಗೆ ಹೋಗುವುದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ ಎಂದು ಬೆಳಿಗ್ಗೆಯಷ್ಟೇ ಹುಡುಗರಿಗೆ ಹೇಳಿದ್ದೆ. ನಾನು ಹೋಗಲಿಲ್ಲ. ಮೇಷ್ಟ್ರಿಗೆ ಮಂಟಪ ಸಿಗಲಿಲ್ಲ ಎನ್ನುವಂತಾದೀತೆಂದು ನಾಚಿಕೆ. ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಯಾವುದಾದರೂ ಒಂದು ಖಾಲಿಯಾದೀತು, ಅಲ್ಲಿಯವರೆಗೆ ಹೇಗೋ ತಳ್ಳಿದರಾಯಿತು ಎಂದುಕೊಂಡೆ.

ಗುರುವಾರ ಎಲ್ಲವೂ ಅಂದುಕೊಂಡಂತೆಯೇ ಆಯಿತು. ಹೇಳಿದ ಜಾಗದಲ್ಲಿ ತಳ್ಳಿದರು, ನಗುತ್ತಲೇ ಬಸ್ಸು ಹತ್ತಿದರು. ಬ್ಯಾಂಕಿನ ಮಹಡಿಯಿಂದ ಹುಡುಗರು ನೋಡುತ್ತಿದ್ದರು. ಒಬ್ಬ ಚಪ್ಪಾಳೆ ಕೂಡ ತಟ್ಟಿದ. ಪೊಲೀಸ್ ಲೈನಿನ ಹಳೆಯ ಬಸ್ಸು ಅದು, ಕಿಟಕಿಗೆ ಕಬ್ಬಿಣದ ಜಾಲರಿ, ಬಾಗಿಲಿಗೆ ಹೊರಗಿನಿಂದ ಚಿಲಕ. ಚಿಲಕ ಹಾಕಿ ಎಂದೆ.

ಮೊದಲ ಮಂಟಪದ ಬಾಗಿಲಲ್ಲಿ ಬಸ್ಸು ನಿಂತಾಗ ಗಂಡಿನ ಕಡೆಯವರು ಜಗಳಕ್ಕೆ ಬಂದರು. ಶುಭಕಾರ್ಯದ ಹೊತ್ತಿಗೆ ಕೈದಿಗಳ ಗಾಡಿಯೇ ಎಂದರು. ಅಷ್ಟರಲ್ಲಿ ವೈರ್‌ಲೆಸ್‌ನಲ್ಲಿ ಎಸ್ಪಿ. ಅದೇ ಮದುವೆಗೆ ಮಂತ್ರಿಯೊಬ್ಬರು ಬರುತ್ತಿದ್ದಾರೆ, ಅವರ ಕಾರು ಊರು ದಾಟುವವರೆಗೆ ಬಸ್ಸು ಬೈಪಾಸಿನಲ್ಲಿರಲಿ, ಒಬ್ಬರನ್ನೂ ಇಳಿಸಬೇಡಿ ಎಂದರು. ಸರಿ ಸಾರ್ ಎಂದೆ.

ಬೈಪಾಸಿನ ಎರಡೂ ಕಡೆ ಉಪ್ಪಿನಾಗರ. ಒಂದು ಮರವಿಲ್ಲ. ನಾನೂ ಬಿಸಿಲಿನಲ್ಲೇ ನಿಂತಿದ್ದೆ, ಅದನ್ನೇ ದೊಡ್ಡ ನ್ಯಾಯ ಎಂದುಕೊಂಡಿದ್ದೆ. ಹೆಂಗಸರು ಮೊದಲು ಹಾಡಿದರು. ಆಮೇಲೆ ತಗಡು ಬಡಿದರು. "ಸಾರ್, ಬಾಗಿಲು ತೆಗೀರಿ, ಉಸಿರಾಡಕ್ಕಾಗ್ತಿಲ್ಲ" ಎಂದು ಮೇರಿಯಕ್ಕ ಜಾಲರಿಗೆ ಬಾಯಿಟ್ಟು ಹೇಳಿದಳು. ಹತ್ತು ನಿಮಿಷ ಅಕ್ಕಾ ಎಂದೆ. ಅದನ್ನು ಎಷ್ಟು ಸಲ ಹೇಳಿದೆನೋ. ನೀರು ತರಿಸಿದೆ. ಬಾಟಲಿ ಜಾಲರಿಯ ಕಣ್ಣಿನಲ್ಲಿ ತೂರಲಿಲ್ಲ. ಹೊರಗಿನಿಂದ ಸುರಿದೆವು, ಅವರು ಒಳಗಿನಿಂದ ಬೊಗಸೆ ಒಡ್ಡಿ ಹಿಡಿದರು. ಆಗಲೂ ಬಾಗಿಲು ತೆಗೆಸಲಿಲ್ಲ ನಾನು.

ಆಮೇಲೆ ಬಡಿಯುವ ಸದ್ದು ನಿಂತಿತು. ನನ್ನ ಜೀಪಿನಲ್ಲಿ ಬಂದು ಪಕ್ಕ ನಿಂತಿದ್ದ ತರಬೇತಿಯ ಹುಡುಗ, "ಗುಂಪು ತಣ್ಣಗಾಯ್ತು ಸಾರ್" ಎಂದ. ನಾನು ಹೌದೆಂದು ತಲೆಯಾಡಿಸಿದೆ. ಸದ್ದಡಗಿದ್ದನ್ನೇ ಶಾಂತಿ ಎಂದುಕೊಂಡೆ, ಪಾಪಾ.

ಬಾಗಿಲು ತೆಗೆದಾಗ ಪೇಚ್ಚಿಯಮ್ಮಾಳ್ ಪಕ್ಕದವಳ ಭುಜಕ್ಕೆ ಒರಗಿದ್ದಳು. ಎಂದಿನಂತೆ ನಿದ್ದೆ ಹೋಗಿದ್ದಾಳೆ ಎಂದೇ ಪಕ್ಕದವಳು ಭುಜ ಅಲ್ಲಾಡಿಸದೆ ಕೂತಿದ್ದಳು.

ಈಗ ಎಸ್ಪಿ ಹೇಳುವುದು ಹೀಗೆ: ಯಾರ ಹೆಸರನ್ನೂ ಬರೆದುಕೊಂಡಿಲ್ಲ, ಆದ್ದರಿಂದ ಬಂಧನವೇ ಆಗಿಲ್ಲ. ಬಿಸಿಲಿಗೆ ಬಳಲಿದ ಹೆಂಗಸರಿಗೆ ಕೂರಲು ಬಸ್ಸು ಕೊಟ್ಟೆವು, ಅಷ್ಟೇ. ಸಾವಿನ ಬಗ್ಗೆ ಕಂದಾಯ ಇಲಾಖೆಯ ಅಧಿಕಾರಿ ಆರ್‌ಡಿಒ ನಡೆಸುವ ವಿಚಾರಣೆ ನವೆಂಬರಿನಲ್ಲಿದೆ. ಆಕೆ ಪೊಲೀಸರ ವಶದಲ್ಲಿದ್ದಳೇ ಎಂದು ನನ್ನನ್ನು ಕೇಳುತ್ತಾರೆ.

ನೀನು ಕಾನೂನು ಓದುತ್ತಿದ್ದೀಯ. ಹೆಸರಿಲ್ಲ, ಕೇಸಿಲ್ಲ, ಕೈಗೆ ಕೋಳವಿಲ್ಲ. ಅಂಥವಳು ವಶದಲ್ಲಿದ್ದ ಹಾಗೆಯೇ? ನಿಮ್ಮ ಮೇಷ್ಟ್ರನ್ನು ಕೇಳಿ ಬರೆ. ನನ್ನ ಹೆಸರು ಹೇಳಬೇಡ.

ಅಪ್ಪ


ಹಾಸ್ಟೆಲ್
ಅಕ್ಟೋಬರ್ 5, ಭಾನುವಾರ

ಅಪ್ಪಾ,

ಇಲ್ಲಿ ಎಲ್ಲ ಚೆನ್ನಾಗಿದೆ. ಮೆಸ್ಸಿನ ಪೊಂಗಲ್‌ನಲ್ಲಿ ಮೆಣಸು ಜಾಸ್ತಿ, ಬೇಳೆ ಕಮ್ಮಿ. ಇಂಟರ್ನಲ್ ಟೆಸ್ಟಿಗೆ ಓದುತ್ತಿದ್ದೇನೆ. ಕಯಲ್‌ವಿಳಿ ಮದುವೆಯ ಫೋಟೋಗಳನ್ನು ಇನ್ನೂ ತೋರಿಸುತ್ತಲೇ ಇದ್ದಾಳೆ. ನನಗೆ ಮಂಟಪದ ಫ್ಯಾನುಗಳೇ ಕಾಣುತ್ತವೆ, ಮೊನ್ನೆ ತಲೆನೋವು ಅಂತ ಹೇಳಿ ಎದ್ದು ಹೋದೆ.

ನೀವು ಕೇಳಿದ ವಿಷಯ ಮುಂದಿನ ಸೆಮಿಸ್ಟರಿನಲ್ಲಿ ಬರುತ್ತದಂತೆ.

ಬಿಪಿ ಮಾತ್ರೆ ಬಿಡಬೇಡಿ.

ಯಾಳಿನಿ


ಮಣಲ್ಕರೈ
ಅಕ್ಟೋಬರ್ 12

ಪಾಪಾ,

ಆರ್‌ಡಿಒ ಮುಂದಿನ ಸೆಮಿಸ್ಟರ್‌ವರೆಗೆ ಕಾಯುವುದಿಲ್ಲ.

ನಿನಗೆ ಇನ್ನೊಂದು ವಿಷಯ ಹೇಳಬೇಕು. ತರಬೇತಿಯ ವರದಿ ರಾಜಧಾನಿಗೆ ಹೋಗಿತ್ತು. ಆ ಗುರುವಾರವನ್ನು ಬಲಪ್ರಯೋಗವಿಲ್ಲದ ಮಾದರಿ ಎಂದು ಪಾಠದಲ್ಲಿ ಸೇರಿಸುತ್ತಾರಂತೆ. ಅದನ್ನು ಕಲಿಸಲು ನನ್ನನ್ನೇ ಚೆನ್ನೈಗೆ ಕರೆಸಿಕೊಳ್ಳುತ್ತಾರಂತೆ. ಮನೆಯನ್ನೂ ಕೊಡುತ್ತಾರೆ. ನೀನು ಹಾಸ್ಟೆಲ್ ಬಿಡಬಹುದು. ಎಸ್ಪಿ ಸಾಹೇಬರು ನನ್ನನ್ನು ಕೂರಿಸಿಕೊಂಡು, "ಮಗಳ ಜೊತೆ ಇರಿ ಸಾರ್, ಇನ್ನಾದ್ರೂ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ವಿಚಾರಣೆ ಸುಸೂತ್ರವಾಗಿ ಮುಗಿಯಲಿ ಎಂದೂ ಸೇರಿಸಿದರು.

ಇದನ್ನು ಬರೆಯದೆ ನಿನ್ನಿಂದ ಉತ್ತರ ಪಡೆಯುವುದು ಸರಿಯಲ್ಲ ಎನಿಸಿತು. ಈಗ ಹೇಳು.

ಅಪ್ಪ


ಹಾಸ್ಟೆಲ್
ಅಕ್ಟೋಬರ್ 29

ಅಪ್ಪಾ,

ಮುಂದಿನ ಸೆಮಿಸ್ಟರ್ ಅಂದದ್ದು ಸುಳ್ಳು. ಅದನ್ನು ಮೊದಲ ತಿಂಗಳಲ್ಲೇ ಕಲಿಸಿದ್ದರು. ನಿಮ್ಮ ಪ್ರಶ್ನೆ ಓದುವಾಗಲೇ ಉತ್ತರ ಗೊತ್ತಿತ್ತು ನನಗೆ.

ಆದರೂ ಮೊನ್ನೆ ಮ್ಯಾಡಮ್ ಹತ್ತಿರ ಹೋಗಿ ಕೇಳಿದೆ. ಉತ್ತರ ಬೇರೆ ಇರಬಾರದೇ ಅಂತ ಆಸೆ. ಅವರು ಪುಸ್ತಕ ಕೂಡ ತೆರೆಯಲಿಲ್ಲ. "ಅವಳು ಎದ್ದು ಹೋಗ್ತೀನಿ ಅಂದಿದ್ರೆ ಹೋಗಬಹುದಿತ್ತಾ? ಹೋಗೋಕೆ ಬಿಡ್ತಿರಲಿಲ್ಲ ಅಂದ್ರೆ ಅವಳು ಅವರ ವಶದಲ್ಲಿದ್ದ ಹಾಗೆ. ಹೆಸರು ಬರೆದ್ರೂ ಅಷ್ಟೇ, ಬರೀದಿದ್ರೂ ಅಷ್ಟೇ." ಆಮೇಲೆ ನನ್ನ ಮುಖ ನೋಡಿ, ಯಾರ ವಿಷಯ ಇದು ಅಂತ ಕೇಳಿದರು. ಯಾರದೂ ಅಲ್ಲ ಮ್ಯಾಡಮ್ ಅಂದೆ.

ಎರಡು ವಾರದಿಂದ ನಾನು ಮನಸ್ಸಿನಲ್ಲಿ ಚೆನ್ನೈನ ಆ ಮನೆಯಲ್ಲೇ ಇದ್ದೇನೆ ಅಪ್ಪಾ. ಅಡುಗೆಮನೆಯ ಕಿಟಕಿಗೆ ಪರದೆ ಕೂಡ ಹಾಕಿಬಿಟ್ಟೆ, ಹಳದಿಯದು. ನೀವು ಸಂಜೆ ಬಂದು ಬೂಟು ಬಿಚ್ಚುತ್ತೀರಿ, ನಾನು ಚಹಾ ಇಡುತ್ತೇನೆ. ಮಾತಾಡಲು ನಮಗೆ ಬರುವುದಿಲ್ಲ, ಆದರೆ ಒಂದೇ ಮನೆಯಲ್ಲಿದ್ದರೆ ಮಾತಾಡದೆಯೂ ಇರಬಹುದಲ್ಲ. ಐದು ವರ್ಷದವಳಿದ್ದಾಗಿನಿಂದ ನನ್ನದು ಅಂತ ಇರುವುದು ಒಂದು ಮಂಚ, ಒಂದು ಬೀರು, ಅದರ ಇನ್ನೊಂದು ಕೀಲಿಯೂ ವಾರ್ಡನ್ ಕೈಯಲ್ಲಿ. 'ಇಲ್ಲ' ಅಂತ ಬರೆದರೆ ಮನೆ ಸಿಗುತ್ತದೆ. ಹಾಗೆ ಒಂದು ಕಾಗದ ಬರೆದೂ ಇದ್ದೆ. ಅಂಚೆಗೆ ಹಾಕಲಾಗಲಿಲ್ಲ. ನನ್ನ ತಲೆ ಅವರ ತೊಡೆಯ ಮೇಲಿತ್ತು.

ಹೌದು ಅಪ್ಪಾ. ಅವರು ನಿಮ್ಮ ವಶದಲ್ಲಿದ್ದರು.

ಒಂದೇ ಒಂದು ಕೇಳುತ್ತೇನೆ. ಇಷ್ಟು ವರ್ಷ ಪೊಲೀಸಿನಲ್ಲಿದ್ದ ನಿಮಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಮತ್ತೆ ನನ್ನನ್ನು ಯಾಕೆ ಕೇಳಿದಿರಿ? ಇಲ್ಲ ಅನ್ನಲಿ ಅಂತಲೋ, ಹೌದು ಅನ್ನಲಿ ಅಂತಲೋ? ನಿಮಗೆ ಹೇಳಲಾಗದ್ದನ್ನು ನನ್ನ ಕೈಯಲ್ಲಿ ಹೇಳಿಸಿದಿರಿ. ಅದಕ್ಕೆ ಸ್ವಲ್ಪ ಕೋಪ ಇದೆ ನನಗೆ. ಇರಲಿ, ಹೋಗುತ್ತದೆ.

ಯಾಳಿನಿ


ಮಣಲ್ಕರೈ
ನವೆಂಬರ್ 24

ಮಗಳೇ ಯಾಳಿನಿ,

ನಾನು ಸಂಘದ ಸಗಾಯಮೇರಿ. ನಿನ್ನ ವಿಳಾಸವನ್ನು ಸುಡಲೈ ಕೊಟ್ಟ. ಸಿಸ್ಟರ್‌ಗಳ ಹತ್ತಿರ ಐದನೇ ಕ್ಲಾಸಿನವರೆಗೆ ಓದಿದವಳು ನಾನು, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ವಿಚಾರಣೆಯ ದಿನ ನಾವೆಲ್ಲ ಆರ್‌ಡಿಒ ಆಫೀಸಿನಲ್ಲಿದ್ದೆವು. ನಿನ್ನ ತಂದೆ ಏನು ಹೇಳುತ್ತಾರೆಂದು ನಮಗೆ ಮೊದಲೇ ಗೊತ್ತು ಎಂದುಕೊಂಡಿದ್ದೆವು. ಪೇಚ್ಚಿಯ ಮಗಳು ಸಂತನಮಾರಿ ಬರುವುದಿಲ್ಲವೆಂದಳು, ನಾನೇ ಎಳೆದುಕೊಂಡು ಹೋಗಿದ್ದೆ. ಆರ್‌ಡಿಒ ಅಮ್ಮ ಕೇಳಿದರು, ಆಕೆ ಇಳಿಯಬೇಕು ಅಂದಿದ್ದರೆ ಇಳಿಯಬಹುದಿತ್ತಾ ಎಂದು. ನಿನ್ನ ತಂದೆ ಎದ್ದು ನಿಂತರು. ಕೂತೇ ಹೇಳಿ ಅಂದರೂ ಕೂರಲಿಲ್ಲ. "ಚಿಲಕ ಹೊರಗಡೆ ಇತ್ತು. ಹಾಕಿ ಅಂದದ್ದು ನಾನು. ತೆಗೀರಿ ಅಂತ ಅವರು ಕೇಳಿದ್ರು, ತೆಗೀಲಿಲ್ಲ. ಆಕೆ ನನ್ನ ವಶದಲ್ಲಿದ್ದಳು" ಎಂದರು. ಎಸ್ಪಿ ಕಡೆಯ ವಕೀಲ, ಹೆಸರೇ ಬರೆದಿಲ್ಲವಲ್ಲ, ಇದನ್ನು ವಶ ಎನ್ನಲು ನಿಮಗೆ ಯಾರು ಹೇಳಿದರು ಎಂದ. ಕಾನೂನು ಓದುತ್ತಿರುವ ಒಬ್ಬರನ್ನು ಕೇಳಿದೆ ಎಂದರು. ಯಾರೆಂದು ಹೇಳಲಿಲ್ಲ. ನನಗೆ ತಿಳಿಯಿತು.

ಇನ್ನು ಕೇಸು ಜಡ್ಜ್ ಮುಂದೆ ನಡೆಯುತ್ತದಂತೆ. ನಿನ್ನ ತಂದೆಯನ್ನು ಸಸ್ಪೆಂಡ್ ಮಾಡಿದ್ದಾರೆ, ಕ್ವಾರ್ಟರ್ಸ್ ಬಿಡಿಸಿದ್ದಾರೆ. ಬಸ್ ಸ್ಟ್ಯಾಂಡ್ ಹಿಂದೆ ಒಂದು ರೂಮಿನಲ್ಲಿದ್ದಾರೆ. ಅವರು ನಿನಗೆ ಇದನ್ನೆಲ್ಲ ಬರೆದಿರುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಒಂದು ಮಾತು ತಪ್ಪು ತಿಳಿಯಬೇಡ. ನಿಜ ಹೇಳಿದರೆಂದು ನಾವು ಅವರನ್ನು ಕ್ಷಮಿಸಿದ್ದೇವೆ ಎಂದುಕೊಳ್ಳಬೇಡ. ಗುರುವಾರಕ್ಕೆ ಒಪ್ಪಿದವಳು ನಾನೂ ಹೌದು. ಚರ್ಚಿಗೆ ಹೋಗುವ ನನಗೆ ಮುಹೂರ್ತ ಇಲ್ಲ, ಅವರಿಗೆ ಕ್ಯಾಲೆಂಡರ್ ನೋಡಿ ರೂಢಿಯಿಲ್ಲ, ನೋಡುವ ಸುಡಲೈ ರಜೆಯಲ್ಲಿ. ನನ್ನ ಪಾಲಿನದನ್ನು ನಾನು ಹೊರುತ್ತೇನೆ. ಆದರೆ ಆ ಜಾಲರಿಯ ಹತ್ತಿರ ನಾನು ಕೂಗಿದಾಗ ಅವರ ಮುಖ ನನ್ನಿಂದ ಒಂದು ಮೊಳ ದೂರದಲ್ಲಿತ್ತು. ಅಷ್ಟು ವರ್ಷ ನಮ್ಮ ಮನೆಯಲ್ಲಿ ಚಹಾ ಕುಡಿದ ಮುಖ.

ಈಗ ಪ್ರತಿ ಭಾನುವಾರ ಅವರು ಪೇಚ್ಚಿಯ ಮನೆಯ ಮುಂದೆ ಬಂದು ಕೂರುತ್ತಾರೆ. ಬೀದಿಯ ಆಚೆ ಬದಿಯಲ್ಲಿ, ಒಂದು ಕಲ್ಲಿನ ಮೇಲೆ. ಒಳಗೆ ಬರುವುದಿಲ್ಲ, ಏನೂ ಕೇಳುವುದಿಲ್ಲ. ಸಂತನಮಾರಿಗೆ ಇರುವುದು ಅದೊಂದೇ ರಜೆ. ಅವತ್ತು ಬಾಗಿಲು ಮುಚ್ಚಿಕೊಂಡು ಕೂರುತ್ತಾಳೆ. "ಅತ್ತೆ, ಆ ಮನುಷ್ಯ ಅಲ್ಲಿ ಕೂತಿದ್ರೆ ನಾನು ನಮ್ಮಮ್ಮನಿಗೋಸ್ಕರ ಅಳಬೇಕೋ, ಅವರ ಮುಖ ನೋಡಿ ಪಾಪ ಅನ್ನಬೇಕೋ?" ಎಂದು ಕೇಳುತ್ತಾಳೆ. ಹೋಗಿ ಹೇಳೋಣವೆಂದರೆ ಅವರೊಂದಿಗೆ ಮಾತಾಡಲು ನನಗೆ ಬಾಯಿ ಬರುತ್ತಿಲ್ಲ. ನೀನು ಹೇಳು. ನೀನು ಹೇಳಿದರೆ ಕೇಳುತ್ತಾರೆ.

ಸಗಾಯಮೇರಿ
ಉಪ್ಪಿನಾಗರ ಮಹಿಳಾ ಕಾರ್ಮಿಕರ ಸಂಘ


ಹಾಸ್ಟೆಲ್
ನವೆಂಬರ್ 30, ಭಾನುವಾರ

ಅಪ್ಪಾ,

ಇದನ್ನು ಓದುವ ಹೊತ್ತಿಗೆ ಇವತ್ತಿನ ಭಾನುವಾರವೂ ಮುಗಿದಿರುತ್ತದೆ. ನೀವು ಆ ಕಲ್ಲಿನ ಮೇಲೆ ಕೂತು ಎದ್ದು ಬಂದಿರುತ್ತೀರಿ. ಮೇರಿಯತ್ತೆ ಬರೆದಿದ್ದಾರೆ. ರೂಮಿನ ವಿಷಯ, ಸಸ್ಪೆನ್ಷನ್, ಎಲ್ಲ ಗೊತ್ತಾಯಿತು. ಆರ್‌ಡಿಒ ಎದುರು ಎದ್ದು ನಿಂತದ್ದೂ ಗೊತ್ತಾಯಿತು. ಕಾಗದ ಓದಿ ತುಂಬ ಹೊತ್ತು ನೀರಿನ ಟ್ಯಾಂಕಿನ ಹಿಂದೆ ಕೂತಿದ್ದೆ. ಕಯಲ್‌ವಿಳಿ ಹುಡುಕಿಕೊಂಡು ಬಂದಳು, ಏನಾಯ್ತು ಅಂತ ಕೇಳಿದಳು. ನಮ್ಮಪ್ಪ ಫೋನಿನಲ್ಲಿ ಹೇಳದ್ದನ್ನು ಬೇರೆ ಯಾರೋ ಹೇಳಿದರು ಅಂದೆ.

ಇನ್ನೊಂದು ಸಲ ನಾನೇ ಹೇಳಬೇಕಾಗಿದೆ. ಅಲ್ಲಿಗೆ ಹೋಗಬೇಡಿ ಅಪ್ಪಾ. ನೀವು ಏನೂ ಕೇಳಲು ಹೋಗುತ್ತಿಲ್ಲ ಅಂತ ನನಗೆ ಗೊತ್ತು. ಆದರೆ ಸುಮ್ಮನೆ ಕೂತಿದ್ದರೂ ಅದು ಕೇಳಿದ ಹಾಗೆಯೇ. ಸಂತನಮಾರಿ ಅಕ್ಕ ವಾರವಿಡೀ ಉಪ್ಪು ಹೊತ್ತು ಒಂದು ದಿನ ಅಮ್ಮನಿಗೋಸ್ಕರ ಇಟ್ಟುಕೊಂಡಿದ್ದಾರೆ, ಆ ದಿನವೂ ನಿಮ್ಮನ್ನು ನೋಡಿಕೊಳ್ಳಬೇಕಾಗಿದೆ ಅವರು. ನೀವು ನಿಜ ಹೇಳಿದಿರಿ. ಅದಕ್ಕೆ ಬದಲಾಗಿ ಅವರು ನಿಮಗೆ ಏನನ್ನೂ ಕೊಡಬೇಕಾಗಿಲ್ಲ.

ಭಾನುವಾರಗಳು ಉದ್ದ ಅನ್ನಿಸಿದರೆ ಶನಿವಾರ ರಾತ್ರಿಯ ಬಸ್ಸಿಗೆ ಹೊರಡಿ. ಇಲ್ಲಿ ಮಧ್ಯಾಹ್ನದ ಮೇಲೆ ಮನೆಯವರನ್ನು ಒಳಗೆ ಬಿಡುತ್ತಾರೆ. ಅಂಗಳದಲ್ಲಿ ಎರಡು ಬೆಂಚುಗಳಿವೆ. ಒಂದರ ಮೇಲೆ ಯಾವಾಗಲೂ ಕಯಲ್‌ವಿಳಿಯ ಅಮ್ಮ ಇರುತ್ತಾರೆ, ಇನ್ನೊಂದು ನಮಗೆ. ಮಾತು ಬಾರದಿದ್ದರೆ ಚಿಂತೆಯಿಲ್ಲ. ಐದು ಗಂಟೆಗೆ ಬೆಲ್ ಹೊಡೆದು ಕಳಿಸಿಬಿಡುತ್ತಾರೆ.

ಗೇಟಿನಲ್ಲಿ ವಾಚ್‌ಮನ್ ಯಾರು ನೀವು ಅಂತ ಕೇಳುತ್ತಾನೆ. ಡಿಎಸ್ಪಿ ಅನ್ನಬೇಡಿ, ಮಾಜಿ ಅಂತಲೂ ಬೇಡ. ಯಾಳಿನಿಯ ಅಪ್ಪ ಅನ್ನಿ. ಅವನಿಗೆ ಅರ್ಥವಾಗದಿದ್ದರೆ ಅಲ್ಲೇ ನಿಂತಿರಿ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ಯಾಳಿನಿ